ಬಚ್ಚಲ ಬದಿಯ ಪುಂಡಿ

ನನ್ನ ಗಂಡ ಅಕೀಲನ ಮೂರನೇ ದಿನದ ಜಿಯಾರತ್ ಮುಗಿದು ನೆಂಟರೆಲ್ಲ ಹೋದ ಮರುದಿನ ಬೆಳಿಗ್ಗೆ ಒಲೆಯ ಮೇಲೆ ಪುಂಡಿ ಸೊಪ್ಪಿನ ಪಲ್ಲೆ ಕುದಿಯುತ್ತಿತ್ತು. ಅಲ್ಲಿಯವರೆಗೆ ಅಕ್ಕಪಕ್ಕದ ಮನೆಗಳಿಂದ ಬಂದ ಊಟ. ಅಂದು ನಮ್ಮ ಒಲೆ ಹೊತ್ತಿತ್ತು. ಹುಳಿ ವಾಸನೆಗೆ ಹಸಿವಾಯಿತು. ಹಸಿವಾದದ್ದಕ್ಕೆ ಆಶ್ಚರ್ಯವಾಯಿತು.

ಅತ್ತೆ ಲಾಡಬಿ ರೊಟ್ಟಿ ಬಡಿಯುತ್ತಿದ್ದರು.

"ಉಣ್ಣು ಅರ್ಜು. ಅಕೀಲಗ ಪುಂಡಿ ಅಂದ್ರ ಜೀವ ಇತ್ತು."

ಉಂಡೆ. ತಾಟು ತೊಳೆಯಲು ಹಿತ್ತಲಿಗೆ ಹೋದರೆ ಪುಂಡಿಯ ಮಡಿ ಖಾಲಿ. ಸಂತೆಗೆ ಸೂಡು ಕಟ್ಟುವವರ ಹಾಗೆ ಅತ್ತೆ ಗಿಡಗಳನ್ನು ಬೇರುಸಹಿತ ಕಿತ್ತಿದ್ದರು. ಅವು ಪಲ್ಲೆಗೆ ಬೆಳೆಸಿದವಲ್ಲ, ಅಕೀಲ ಬೀಜಕ್ಕೆಂದು ಬಿಟ್ಟವು. ತಾಟು ತೊಳೆದು ಒಳಗೆ ಬಂದೆ. ಮಗನನ್ನು ಕಳೆದುಕೊಂಡವರಿಗೆ ಗಿಡದ ಮಾತು ಹೇಗೆ ಆಡುವುದು?

ನಮ್ಮದು ಸಣ್ಣ ವ್ಯಾಪಾರ. ತುಳಸಿ, ಪುದೀನ, ಮಜ್ಜಿಗೆಹುಲ್ಲು ನೆರಳಲ್ಲಿ ಒಣಗಿಸಿ ಬಾಗಲಕೋಟೆಯ ಅಂಗಡಿಗಳಿಗೆ ಕೊಡುತ್ತಿದ್ದೆವು. ಜವಾರಿ ಬೀಜಗಳನ್ನು ಪೊಟ್ಟಣ ಕಟ್ಟಿ ಮಾರುತ್ತಿದ್ದೆವು. ಗೊಬ್ಬರದ ಚೀಲ, ಔಷಧದ ಬಾಟಲಿ ನಮ್ಮ ಹಿತ್ತಲಿಗೆ ಬಂದದ್ದಿಲ್ಲ. ನಾನು ತೋಟಗಾರಿಕೆಯಲ್ಲಿ ಎಂ.ಎಸ್ಸಿ. ಮಾಡಿದವಳು, ಮೊಳಕೆ ನೋಡುವುದು, ಪೊಟ್ಟಣ ಕಟ್ಟುವುದು ನನ್ನ ಕೆಲಸ. ಊರೂರು ತಿರುಗಿ ಬೀಜ ತರುವುದು ಅಕೀಲನ ಕೆಲಸ. ಕುಳಗೇರಿ ಕ್ರಾಸಿಗೆ ಪಾರ್ಸೆಲ್ ಕೊಡಲು ಹೋದವನು ಬೈಕಿನಿಂದ ಬಿದ್ದ. ಅಷ್ಟೇ.

ಮಧ್ಯಾಹ್ನ ಅವನ ಫೋನು ರಿಂಗಾಯಿತು. ಹುನಗುಂದದ ಕಡೆಯ ಸಂಗವ್ವ.

"ತಮ್ಮಾ, ಪುಂಡಿ ಹ್ಯಾಂಗ ಅದಾವೋ? ನಮ್ಮ ಹೊಲದಾಗ ನೀರು ನಿಂತು ಎಲ್ಲಾ ಕೊಳತು. ನಮ್ಮವ್ವನ ಕಾಲದ ಬೀಜ, ಈಗ ನಿನ್ನ ಹಂತೇಕ ಅಷ್ಟ ಉಳದೈತಿ. ಕಾಳು ಆದ ಕೂಡ್ಲೆ ಹೊಳ್ಳಿ ಕೊಡಬೇಕ ನೋಡು."

ನಾನು ಯಾರೆಂದು ಹೇಳಿದೆ. ಅಕೀಲ ಇಲ್ಲವೆಂದೂ ಹೇಳಿದೆ.

"ಬೀಜದ ಮಾತು ಬಿಡು ಮಗಳ," ಎಂದರು ಸಂಗವ್ವ. "ನೀ ಉಂಡೀಯಿಲ್ಲೋ?"

ಉಂಡಿದ್ದೆ. ಅವರ ಪುಂಡಿಯನ್ನೇ ಉಂಡಿದ್ದೆ.

ಬೀಜದ ಕಪಾಟಿನಲ್ಲಿ ಸ್ಟೀಲಿನ ಡಬ್ಬಿ ಸಿಕ್ಕಿತು. ಮುಚ್ಚಳದ ಮೇಲೆ ಸಂಗವ್ವನ ಹೆಸರು ಕೊರೆದಿತ್ತು. ಒಳಗೆ ಒಂದು ಕಾಳೂ ಇರಲಿಲ್ಲ. ಅವರು ಕೊಟ್ಟ ಮುಷ್ಟಿ ಬೀಜವನ್ನೆಲ್ಲ ಅಕೀಲ ಬಿತ್ತಿದ್ದ.

ಮತ್ತೆ ಹಿತ್ತಲಿಗೆ ಹೋದೆ. ಬಚ್ಚಲ ನೀರು ಹರಿಯುವ ಕಡೆ, ಕಲ್ಲಿನ ಸಂದಿಯಲ್ಲಿ ಒಂದು ಗಿಡ ಉಳಿದಿತ್ತು. ಸೋಪಿನ ನೀರು ಕುಡಿದದ್ದೆಂದು ಅತ್ತೆ ಬಿಟ್ಟಿರಬೇಕು. ಪುಂಡಿ ಹೆಚ್ಚಾಗಿ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಜೊತೆಗೆ ಇನ್ನೊಂದು ಗಿಡ ಬೇಕಿಲ್ಲ. ಎಂದೋ ಪರೀಕ್ಷೆಯಲ್ಲಿ ಬರೆದಿದ್ದೆ.

ಬುಡಕ್ಕೆ ಮಣ್ಣು ಏರಿಸಿ, ಕೋಲು ನೆಟ್ಟು ಕಟ್ಟಿದೆ. ಅತ್ತೆ ಕಂಡರು.

"ಒಂದ ಪುಂಡಿಗೆ ಕೋಲು ಕಟ್ಟಾಕ ಎಮ್ಮೆಸ್ಸಿ ಓದಿದ್ಯೇನ?"

ಆಗ ಹೇಳಲೇಬೇಕಾಯಿತು. ಡಬ್ಬಿ ಕೈಗೆ ಕೊಟ್ಟೆ. ಅವರು ಮುಚ್ಚಳದ ಅಕ್ಷರಗಳನ್ನು ಬೆರಳಿನಿಂದ ಸವರಿದರು.

"ಮಗ ಕಡಾ ತಂದದ್ದನ್ನ ನಾ ಪಲ್ಲೆ ಮಾಡಿ ಉಣಿಸಿದ್ನಲ್ಲ ಅರ್ಜು. ಮಂದಿ ಡಬ್ಬಿ ಖಾಲಿ ಹ್ಯಾಂಗ ಕಳಸೂದು?"

ಅಂದಿನಿಂದ ಅತ್ತೆಯ ಬೈಠಕ್ಕು ಬಚ್ಚಲ ಬದಿಗೆ ಬಂತು, ಕೈಯಲ್ಲಿ ಬಡಿಗೆ. ಸೋಪಿನ ನೀರಿಗೆ ಬೇರೆ ದಾರಿ ತೋಡಿದರು. ನಾನು ಗಂಡ ತೀರಿದವಳ ನಾಲ್ಕು ತಿಂಗಳು ಹತ್ತು ದಿನದ ಇದ್ದತ್ತಿನಲ್ಲಿದ್ದೆ, ಮುಂಬಾಗಿಲ ಹೊಸ್ತಿಲು ದಾಟುವಂತಿರಲಿಲ್ಲ. ಒಳಗೆ ಕುಳಿತು ಪೊಟ್ಟಣ ಕಟ್ಟಿದೆ. ಮೈದುನ ಮುನಾಫ ಕ್ರಾಸಿಗೆ ಒಯ್ದ. ಅಕೀಲನ ಫೋನು ನಾನೇ ಎತ್ತಿದೆ. "ಸಬ್ಬಸಗಿ ಐತ್ರಿ. ಹೀರಿ ಇಲ್ರಿ." ಅಷ್ಟು ಮಾತು ನನ್ನಿಂದ ಆಗುತ್ತಿತ್ತು.

ಒಂದು ದಿನ ಹೊರಗೆ ಅತ್ತೆಯ ಗದ್ದಲ.

"ಏ ಮೆಹರುನ್ನಿಸಾ! ನಿನ್ನ ಆಡಿಗೆ ಒಂದೀಟು ಬುದ್ಧಿ ಹೇಳು!"

ಪಕ್ಕದ ಮನೆಯಿಂದ ಉತ್ತರ ಬಂತು: "ಅದು ಪುಂಡಿ ತಿನ್ನಾಕ ಬರೂದಿಲ್ಲ ಚಾಚಿ, ನಿಮ್ಮ ಬೈಗಳ ಕೇಳಾಕ ಬರ್ತೈತಿ!"

ನಾನು ನಕ್ಕುಬಿಟ್ಟೆ. ಅತ್ತೆ ತಿರುಗಿ ಒಳಗೆ ನೋಡಿದರು. ಆಮೇಲೆ ಆಡನ್ನು ಮತ್ತೊಮ್ಮೆ ಬೈದರು, ಇನ್ನೂ ಜೋರಾಗಿ.

ಗಿಡ ನನಗಿಂತ ಎತ್ತರವಾಯಿತು. ಹಳದಿ ಹೂ ಬಿಟ್ಟಿತು, ನಡುವೆ ಗಾಢ ಕೆಂಪು. ಚಳಿ ಬಿದ್ದಾಗ ಕಾಯಿ ಒಣಗಿದವು. ಬಿಡಿಸುವಾಗ ಸಣ್ಣ ಮುಳ್ಳು ಚುಚ್ಚಿ ಇಬ್ಬರ ಕೈಯೂ ತುರಿಸಿತು. ಕೆಲವು ಕಾಳು ಒದ್ದೆ ಬಟ್ಟೆಯಲ್ಲಿಟ್ಟೆ. ಎಲ್ಲವೂ ಮೊಳೆತವು. ಉಳಿದವು ಡಬ್ಬಿಯ ಅರ್ಧ ದಾಟಿದವು.

"ನಮಗೂ ಒಂದೀಟು ಇಟ್ಕೊಳ್ಳೂಣೇನ್ರಿ ಅತ್ತಿ?"

"ಮೊದಲ ಆಕೀದು ಆಕಿಗೆ ಮುಟ್ಟಲಿ."

ಇದ್ದತ್ ಮುಗಿದ ಮೇಲೆ ನಾನು ಮೊದಲು ಹತ್ತಿದ್ದು ಹುನಗುಂದದ ಬಸ್ಸು. ಬಹಳ ದಿನದ ಮೇಲೆ ನೋಡಿದ ಬಯಲು. ಜೋಳ ತೆನೆ ಬಿಚ್ಚಿತ್ತು. ಡಬ್ಬಿ ತೊಡೆಯ ಮೇಲಿತ್ತು.

ಸಂಗವ್ವ ಕಟ್ಟೆಯ ಮೇಲೆ ಕುಳಿತಿದ್ದರು. ಹೆಸರು ಹೇಳಿದೆ. ಡಬ್ಬಿ ಕೊಟ್ಟೆ. ಅವರು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಮುಚ್ಚಳ ತೆಗೆದು ಒಂದು ಕಾಳು ಹಲ್ಲಿನಲ್ಲಿ ಕಡಿದರು.

"ಖರೇನ, ನಮ್ಮದ," ಎಂದರು. "ನಿಮಗ ಇಟ್ಕೊಂಡೀರಿಲ್ಲೋ?"

"ಇಲ್ರಿ ಆಯಿ."

"ಹುಚ್ಚಿ! ಬೀಜ ಒಂದ ಮನ್ಯಾಗ ಇಟ್ಟು ಆದದ್ದು ನೋಡಿದ್ವಲ್ಲ. ಬಿತ್ತೂ ಹೊತ್ತಿಗೆ ಬಾ. ಇದ ಡಬ್ಬ್ಯಾಗ ಹಾಕಿ ಕೊಡ್ತೇನಿ. ಬರ್ತೀಯಿಲ್ಲೋ?"

"ಬರ್ತೇನ್ರಿ," ಎಂದೆ.