ಓಯ್ವನ ಜೌಗು

ಸಿಲ್ವಿ ಗಂಡ ಓಯ್ವನ ಹೊಸ ಗೋರಿಯ ಅಂಚಿಗೆ ಗುಲಾಬಿಗಳನ್ನಿಟ್ಟು ಬೆನ್ನು ನೇರ ಮಾಡುವಷ್ಟರಲ್ಲೇ ರೀಕ್ಕಾ ಮುಂದೆ ಬಂದಳು. ಅವಳ ಕೈಯಲ್ಲಿದ್ದದ್ದು ಪೇಟೆಯ ಹೂವಲ್ಲ. ಜೌಗಿನಲ್ಲಿ ಬೆಳೆಯುವ, ಹತ್ತಿಯಂಥ ಬಿಳಿ ಕುಚ್ಚಿನ ಹುಲ್ಲು. ಹುಲ್ಲಿನ ಕಂತೆಗೆ ಸುತ್ತಿದ ಪಟ್ಟಿಯ ಮೇಲಿನ ಸಾಲನ್ನು ಓದಿದಳು: "ಓಯ್ವ, ನೀರು ನಿಂತಿದೆ. ಹಕ್ಕಿಗಳು ಬಂದಿವೆ." ಅಷ್ಟಕ್ಕೇ ಅವಳ ದನಿ ಒಡೆಯಿತು. ನೆರೆದವರೆಲ್ಲ ಕಣ್ಣೊರೆಸಿಕೊಂಡರು.

ಗುಲಾಬಿಗೆ ಯಾರೂ ಅತ್ತಿರಲಿಲ್ಲ.

"ಎಷ್ಟು ಚೆನ್ನಾಗಿ ಬರ್ದಿದಾಳೆ ನೋಡು ಅತ್ತಿಗೆ," ಎಂದಳು ನಾದಿನಿ ಔನೆ.

"ಓದಿದವಳು. ಬರೀತಾಳೆ."

"ಅಣ್ಣನ ಬಾಯಿ ಬಿಡಿಸಿದ್ದೇ ಅವಳು. ಇನ್ಯಾರ ಕೈಲಾಯ್ತು ಹೇಳು?"

ಸಿಲ್ವಿ ಕೈಗವಸು ಏರಿಸಿಕೊಂಡಳು.

* * *

ಪ್ರಾಯದಲ್ಲಿ ಓಯ್ವ ಯಂತ್ರ ಓಡಿಸಿ ಊರಿನ ಜೌಗನ್ನೆಲ್ಲ ಸೀಳಿ ನೀರು ಬಸಿದುಹೋಗುವ ಕಾಲುವೆ ತೆಗೆದವನು. ಜೌಗು ಒಣಗಿತು, ಅದರ ಕಪ್ಪು ರಾಡಿ ಕೆರೆಗಿಳಿದು ಮೀನು ಸತ್ತವು. ಮೀನುಗಾರರು ಅವನ ಜೊತೆ ಮಾತು ಬಿಟ್ಟರು. ಅವನು ಎಲ್ಲರ ಜೊತೆಯೂ ಬಿಟ್ಟ. ಮನೆಯಲ್ಲಿ ಏನು ಕೇಳಿದರೂ ಒಂದು 'ಹೂಂ'. ಸಿಲ್ವಿ ಅರ್ಧ ಆಯುಷ್ಯವನ್ನು ಅದರ ಜೊತೆ ಕಳೆದಳು.

ಆಮೇಲೆ ನೀರಿನ ವಿದ್ಯೆ ಓದಿದ ರೀಕ್ಕಾ ಬಂದಳು. ಜೊತೆಗೆ ಪಾಚಿ ಬಲ್ಲವನೊಬ್ಬ, ಹಳಬರ ನೆನಪುಗಳನ್ನು ಧ್ವನಿಮುದ್ರಿಸಿಕೊಳ್ಳುವವಳೊಬ್ಬಳು. ಜೌಗಿಗೆ ಮತ್ತೆ ಜೀವ ಕೊಡಬೇಕೆಂದು ಮೀನುಗಾರರನ್ನೂ ಶಾಲೆಯ ಮೇಷ್ಟ್ರನ್ನೂ ಒಂದುಗೂಡಿಸಿದಳು. ತೋಡಿದವನೇ ಮುಚ್ಚಲು ಬರಲಿ ಎಂದು ಓಯ್ವನ ಬಾಗಿಲನ್ನೂ ತಟ್ಟಿದಳು.

ಅಂದಿನಿಂದ ಸಿಲ್ವಿ ಬಿಸಿಹಬೆಯ ಸ್ನಾನದ ಸೌನಾ ಕೋಣೆಗೆ ಸೌದೆ ಹೊರುವಾಗಲೆಲ್ಲ ಅಂಗಳದ ಬೆಂಚಿನಿಂದ ರೀಕ್ಕಾಳ ಜೊತೆ ಕೂತ ಗಂಡನ ನಗು ಕೇಳಿಸುತ್ತಿತ್ತು. ಅವಳು ಹತ್ತಿರ ಬಂದೊಡನೆ ನಿಲ್ಲುತ್ತಿತ್ತು. ಸವತಿಯಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಇವಳು ಮಗಳ ಪ್ರಾಯದವಳು; ಕಾಫಿ ಕೊಟ್ಟರೆ ಲೋಟ ತೊಳೆದಿಟ್ಟು ಹೋಗುವವಳು. ಇಂಥವಳ ಮೇಲೆ ಏನೆಂದು ದೂರುವುದು?

* * *

ಚರ್ಚಿನ ಹಜಾರದಲ್ಲಿ ಮಾಂಸದ ಸಾರಿನ ಊಟ ಮುಗಿದು, ಕಾಫಿ ಬಂತು. ರೀಕ್ಕಾ ಎದುರಿಗೇ ಬಂದು ಕೂತಳು.

"ನಿನ್ ಹತ್ರ ಎಲ್ಲಾ ಹೇಳ್ತಿದ್ರಲ್ಲ," ಎಂದಳು ಸಿಲ್ವಿ. "ನನ್ ವಿಷ್ಯ ಏನ್ ಹೇಳಿದ್ರು?"

ರೀಕ್ಕಾ ಒಂದು ಸುಳ್ಳಿಗಾಗಿ ಹುಡುಕಿದಳು, ಸಿಗಲಿಲ್ಲ. "ಏನೂ ಇಲ್ಲಮ್ಮ. ಮನೆ ಮಾತು ಬಂದ್ರೆ ಎದ್ದು ಹೋಗ್ಬಿಡೋರು."

ಸಿಲ್ವಿ ಅರ್ಧ ತಿಂದ ರೊಟ್ಟಿಯನ್ನು ತಟ್ಟೆಗಿಟ್ಟಳು.

"ಒಂದು ಕೇಳ್ಲಾ?" ಎಂದಳು ರೀಕ್ಕಾ. "ಎಲ್ಲಾ ಕಾಲುವೆ ಮುಚ್ಚಿದ್ವಿ. ನಿಮ್ಮನೆ ಹಿಂದಿಂದು ಮಾತ್ರ ಅವ್ರು ಮುಟ್ಟಗೊಡ್ಲಿಲ್ಲ. ಈಗ್ಲೂ ಕಪ್ಪು ನೀರು ಅದ್ರಿಂದ್ಲೇ ಕೆರೆಗಿಳಿಯತ್ತೆ. ಎಷ್ಟು ಬೇಡಿದ್ರೂ ಒಪ್ಲಿಲ್ಲ, ಕಾರಣಾನೂ ಹೇಳ್ಲಿಲ್ಲ. ಅದಕ್ಕೇಂತ ಒಂದು ಚಳಿಗಾಲ ಪೂರ್ತಿ ನಾವಿಬ್ರೂ ಮಾತು ಬಿಟ್ಟಿದ್ವಿ."

ಸಿಲ್ವಿ ಲೋಟ ಕೆಳಗಿಟ್ಟಳು. ಆ ಕಾಲುವೆ ಅವಳ ಆಲೂಗಡ್ಡೆ ಮಡಿಗಳ ಮೇಲಂಚಿನಲ್ಲಿತ್ತು. ಎಂದೋ ಒಂದು ಬೆಳಿಗ್ಗೆ ಗಂಜಿ ತಿರುವುತ್ತ ಹೇಳಿದ್ದಳು: "ನಿಮ್ ಜೌಗಿಗೇಂತ ಅಲ್ಲೂ ನೀರು ನಿಲ್ಸಿದ್ರೆ ನನ್ ಆಲೂಗಡ್ಡೆ ಕೊಳ್ತು ಹೋಗತ್ತೆ." ಓಯ್ವ ತಲೆಯೆತ್ತದೆ ಹೂಂ ಎಂದಿದ್ದ. ಮಾತು ಅವನ ಕಿವಿಗೇ ಬಿದ್ದಿಲ್ಲವೆಂದು ಅವಳು ಅಂದುಕೊಂಡಿದ್ದಳು.

"ಯಾಕೇಂತ ನಿಮಗ್ಗೊತ್ತಾ?"

"ಗೊತ್ತು."

ರೀಕ್ಕಾ ಕಾದಳು.

"ಮುಚ್ಚೋಕೆ ನೀವಾದ್ರೂ ಒಪ್ತೀರಾ?"

"ಕಾಫಿ ಆರೋಗತ್ತೆ. ಕುಡಿ."

* * *

ಬಂದವರೆಲ್ಲ ಹೋದರು. ಸಂಜೆ ಕಳೆದರೂ ಆ ಉತ್ತರದ ನಾಡಿನ ಬೇಸಿಗೆಯ ಬಿಸಿಲು ಇಳಿದಿರಲಿಲ್ಲ. ಸಿಲ್ವಿ ಕರಿಯ ಉಡುಪಿನಲ್ಲೇ ರಬ್ಬರ್ ಬೂಟು ಹಾಕಿಕೊಂಡು, ಗುದ್ದಲಿ ಹಿಡಿದು ಮನೆಯ ಹಿಂದೆ, ಆಲೂಗಡ್ಡೆ ಮಡಿಗಳ ಮೇಲಿನ ಕಾಲುವೆಗೆ ನಡೆದಳು. ಓಯ್ವ ಹಾಸಿಗೆ ಹಿಡಿದ ಮೇಲೆ ಅದರ ಹೂಳನ್ನು ಯಾರೂ ಎತ್ತಿರಲಿಲ್ಲ. ಎಲೆ, ಪಾಚಿ ಕಟ್ಟಿಕೊಂಡಿತ್ತು. ಒಳಗಿಳಿದು ಒಂದೊಂದೇ ಮುದ್ದೆಯನ್ನು ದಡಕ್ಕೆ ಎತ್ತಿ ಹಾಕಿದಳು. ಕಟ್ಟಿಕೊಂಡಿದ್ದ ನೀರು ಒಮ್ಮೆ ತಡೆದು, ಅವಳ ಮೊಣಕಾಲನ್ನು ಬಳಸಿ, ಕಪ್ಪಗೆ ಕೆರೆಯ ಕಡೆ ಹರಿಯತೊಡಗಿತು. ಲಂಗದ ಅಂಚು ಅದರ ಮೇಲೆ ತೇಲುತ್ತಿತ್ತು.