ಹೇಳಿ ಸರ್, ಕೇಳ್ತಿದೀನಿ

ನಕ್ಕಳು, ಬಾಗಿಲಾಚೆ ಈಗ ನಕ್ಕಿದ್ದು ಮೇಘಾನೇ, ಆ ನಗು ಕೊನೆಯಲ್ಲಿ ಸ್ವಲ್ಪ ಮೇಲಕ್ಕೆ ಹೋಗಿ ಅಲ್ಲೇ ನಿಲ್ಲುತ್ತದಲ್ಲ, ಹಾಗೆ — ಎಷ್ಟು ವರ್ಷವಾಯಿತು ಇದನ್ನು ಕೇಳಿ, ಕೊಟ್ರೇಶ ಬಿಡಿಸುತ್ತಿದ್ದ ಅವರೆಕಾಯಿಯನ್ನು ಕೈಯಲ್ಲೇ ಹಿಡಿದು ಕಿವಿಗೊಟ್ಟ, ಹೆಂಡತಿ ಅಷ್ಟು ನಗುವಂಥದ್ದು ಏನು ಹೇಳಿದನೋ ಆ ಹುಡುಗ, ಲಿಖಿತ್ ಅಂತ ಹೆಸರು, ಬೆಳ್ಳಂದೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನೇಜರ್ ಅಂತೆ, ಅಂಗಡಿಗಳಿಗೆ ಬಿಲ್ಲಿಂಗ್ ಆ್ಯಪ್ ಮಾಡಿ ಮಾರುವ ಕಂಪನಿ, ಆ್ಯಪ್ ಕೆಟ್ಟಾಗ ಊರೂರಿನ ಅಂಗಡಿಯವರು ಫೋನ್ ಮಾಡಿ ಬೈಯುತ್ತಾರಂತೆ, ಅವರಿಗೆ ಕನ್ನಡದಲ್ಲಿ ಸಮಾಧಾನ ಹೇಳುವವರು ಬೇಕಂತೆ, ಕಸ್ಟಮರ್ ಸಪೋರ್ಟ್, ಅದಕ್ಕೇ ಈ ಇಂಟರ್‌ವ್ಯೂ, ಲ್ಯಾಪ್‌ಟಾಪಿನಲ್ಲೇ, ತಮ್ಮ ಮಲಗುವ ಕೋಣೆಯಲ್ಲೇ. ಕುಕ್ಕರ್ ಇಡಬ್ಯಾಡ್ರಿ, ಸೀಟಿ ಕೇಳಸ್ತೈತಿ, ಬೆಲ್ಲಿನ ಸ್ವಿಚ್ ಆರಿಸಿಬಿಡ್ರಿ ಎಂದಿದ್ದಳು ಬೆಳಿಗ್ಗೆ, ಎಲ್ಲ ಮಾಡಿದ, ರಜೆ ಹಾಕಿ ಕೂತ, ಗೋಡೆಯ ಮೇಲಿನ ಮದುವೆ ಫೋಟೊ ತೆಗೀರಿ, ನನ್ ಹಿಂದ ಅದರ ಗಾಜು ಹೊಳೀತೈತಿ ಎಂದಾಗಲೂ ತೆಗೆದ, ಗಾಜು ಹೊಳೆಯುವುದು ನಿಜವೇ, ಆದರೂ ಮೊಳೆ ಮಾತ್ರ ಉಳಿದ ಆ ಗೋಡೆಯನ್ನು ಈಗ ಲಿಖಿತ್ ನೋಡುತ್ತಿದ್ದಾನೆ, ಮೊಳೆಯ ಮುಂದೆ ಅವಳನ್ನು, ತಿಳಿಹಸಿರು ಕುರ್ತಾ ಹಾಕಿಕೊಂಡವಳನ್ನು, ಅದನ್ನು ಕಳೆದ ದೀಪಾವಳಿಗೆ ಕೊಡಿಸಿದ್ದು ಇವನೇ, ತೊಡಲಿಲ್ಲವಲ್ಲ ಎಂದರೆ ಎಲ್ಲಿಗೆ ಹೋಗೋದೈತ್ರಿ ಹಾಕ್ಕೊಂಡು ಎಂದಿದ್ದಳು. ಹೋಗುವುದಕ್ಕೆ ಜಾಗ ಸಿಕ್ಕಿತಲ್ಲ ಈಗ.

ಇದೆ, ಎಂದಳು. ಐತಿ ಅನ್ನಲಿಲ್ಲ. ಅನುಭವ ಇದೆ ಸರ್, ಮದುವೆಗೆ ಮೊದಲು ದಾವಣಗೆರೆಯಲ್ಲಿ ಮೊಬೈಲ್ ಶೋರೂಮಿನಲ್ಲಿದ್ದೆ, ಕೌಂಟರ್ ನೋಡ್ಕೋತಿದ್ದೆ — ಆ ದನಿ, ಅಯ್ಯೋ ಆ ದನಿ ಇನ್ನೂ ಅವಳಲ್ಲಿ ಇದೆಯೇ, ಎಲ್ಲಿಟ್ಟಿದ್ದಳು ಇಷ್ಟು ದಿನ, ಆ ಶೋರೂಮಿನಿಂದಲೇ ಅಲ್ಲವೇ ಮಧ್ಯಾಹ್ನದ ಬಿಡುವಿನಲ್ಲಿ ಫೋನ್ ಮಾಡುತ್ತಿದ್ದದ್ದು, ನಿಶ್ಚಿತಾರ್ಥವಾಗಿತ್ತು, ಮದುವೆಗೆ ಇನ್ನೂ ಸಮಯವಿತ್ತು, ಇವನು ಪೀಣ್ಯದ ಫ್ಯಾಕ್ಟರಿ ಕ್ಯಾಂಟೀನಿನ ಹಿಂದೆ ನೀರಿನ ಟ್ಯಾಂಕಿನ ನೆರಳಲ್ಲಿ ನಿಂತು, ಒಂದು ಕೈಯಲ್ಲಿ ಗ್ರೀಸು, ಇನ್ನೊಂದರಲ್ಲಿ ಫೋನು, ಊಟ ಆತೇನ್ರಿ ಎಂದು ಕೇಳಿ ಅವಳು ಸುಮ್ಮನಾಗುತ್ತಿದ್ದಳು, ಆ ಸುಮ್ಮನಾಗುವುದರಲ್ಲೇ ಎಲ್ಲ ಇತ್ತು, ಇವನ ಒಂದು ಸಣ್ಣ ಉತ್ತರಕ್ಕೆ ಲೋಕದಲ್ಲಿ ಒಬ್ಬರು ಕಾಯುತ್ತಿದ್ದಾರೆ ಎಂಬಂತೆ. ಮದುವೆಯಾಗಿ ನಾಗಸಂದ್ರದ ಈ ಮನೆಗೆ ಬಂದ ಮೇಲೆ ಅದು ಯಾವಾಗ ನಿಂತಿತು, ಯಾವ ದಿನ, ಅವನಿಗೆ ಗೊತ್ತೇ ಆಗಲಿಲ್ಲ, ಈಗ ನೋಡಿದರೆ ಹಾಗೇ ಹೊಸದಾಗಿ ಇಟ್ಟಿದ್ದಾಳೆ, ಪರರಿಗೆ ಕೊಡುವುದಕ್ಕೆ.

ಈಗೊಂದು ಸಣ್ಣ ರೋಲ್‌ಪ್ಲೇ ಮಾಡೋಣ ಮೇಡಂ, ಲಿಖಿತ್ ಹೇಳುತ್ತಿದ್ದಾನೆ, ನಾನು ರಾಣೆಬೆನ್ನೂರಿನ ಸಿದ್ರಾಮಣ್ಣ, ಕಿರಾಣಿ ಅಂಗಡಿ, ಬೆಳಗ್ಗೆಯಿಂದ ಬಿಲ್ ಬರ್ತಿಲ್ಲ, ರೆಡೀನಾ, ಎಂದವನೇ ಒಮ್ಮೆಲೇ ಗಂಟಲು ಏರಿಸಿದ, ಏನವ್ವಾ ನಿಮ್ದು, ಮುಂಜಾನಿಂದ ಗಿರಾಕಿ ಎಲ್ಲ ವಾಪಸ್ ಹೊಂಟಾರ, ನಾ ಏನ್ ಬಾಯಾಗ ಮಣ್ಣ ಹಾಕ್ಕೋಬೇಕೇನ — ಬೆಂಗಳೂರಿನವನ ಬಾಯಲ್ಲಿ ರಾಣೆಬೆನ್ನೂರಿನ ಮಾತು, ಕೊಟ್ರೇಶನಿಗೆ ಆ ಹೊತ್ತಿನಲ್ಲೂ ನಗು ಬರಬೇಕಿತ್ತು, ಬರಲಿಲ್ಲ, ಯಾಕೆಂದರೆ ಅವಳು ಕಾಯುತ್ತಿದ್ದಳು. ಆ ಕಳ್ಳ ಸಿದ್ರಾಮಣ್ಣ ಬೈದು ಮುಗಿಸುವವರೆಗೆ ಮೇಘಾ ಅದೇ ಸುಮ್ಮನಿರುವಿಕೆಯಲ್ಲಿ ಕಾಯುತ್ತಿದ್ದಳು, ಆಮೇಲೆ ಮೆಲ್ಲಗೆ, ಗಿರಾಕಿಗಳು ವಾಪಸ್ ಹೋದ್ರು ಅಂದ್ರಲ್ಲ ಸಿದ್ರಾಮಣ್ಣ, ಈಗ ಅಂಗಡಿ ಮುಂದೆ ಯಾರಾದ್ರೂ ನಿಂತಿದಾರಾ, ಮೊದಲು ಅವರ ಬಿಲ್ ಮಾಡಿಬಿಡೋಣ, ನಾನು ಲೈನಲ್ಲೇ ಇರ್ತೀನಿ, ಪಾಪ ಬೆಳಗಿಂದ ಒಬ್ರೇ ಒದ್ದಾಡ್ತಿದೀರಿ, ಚಾನಾದ್ರೂ ಕುಡಿದ್ರಾ? ಚಾ. ಮೊನ್ನೆ ಹೊಸೂರಿನ ಫ್ಯಾಕ್ಟರಿಯಲ್ಲಿ ಮೆಷಿನ್ ರಿಪೇರಿ ಮಾಡಿ ಅಂಗಿಯೆಲ್ಲ ಅದರ ಕೂಲೆಂಟ್ ಎಣ್ಣೆ ಮಾಡಿಕೊಂಡು ಬಂದನಲ್ಲ, ಚಾ ಕುಡಿದಿರಾ ಎಂದು ಕೇಳಿದಳೇ, ಕೇಳಲಿಲ್ಲ, ಲೋಟ ತಂದು ಮುಂದೆ ಇಟ್ಟಳು, ಹೌದು, ಇಟ್ಟಳು, ಬಿಸಿಯಾಗಿಯೇ ಇತ್ತು, ಆದರೆ ಕೇಳಲಿಲ್ಲವಲ್ಲ — ಇಲ್ಲದ ಅಂಗಡಿಯ ಇಲ್ಲದ ಮನುಷ್ಯನ ಮೇಲೆ ಇಷ್ಟು ಹೊಟ್ಟೆಕಿಚ್ಚೇ ಎಂದು ತನಗೇ ನಾಚಿಕೆಯಾಯಿತು, ನಾಚಿಕೆಯಾದರೂ ಕಿಚ್ಚು ಇಳಿಯಲಿಲ್ಲ, ಅವರೆಕಾಳು ಬೆರಳಲ್ಲಿ ಹಿಚುಕಿಹೋಗಿ ತಟ್ಟೆಗೆ ಬಿತ್ತು.

ಸೂಪರ್ ಮೇಡಂ, ಎಂದ ಲಿಖಿತ್, ಇಷ್ಟು ವರ್ಷ ಗ್ಯಾಪ್ ಇದೆ ಅಂತೀರ, ಆದ್ರೆ ಸಿಟ್ಟಾದವರನ್ನ ಹ್ಯಾಂಡಲ್ ಮಾಡೋದು ಇಷ್ಟು ಚೆನ್ನಾಗಿ ಎಲ್ಲಿ ಕಲಿತ್ರಿ? ಕೊಟ್ರೇಶ ಎದ್ದೇ ಬಿಟ್ಟ, ಶೋರೂಮಿನಲ್ಲಿ ಅನ್ನುತ್ತಾಳೆ ಈಗ, ಅನ್ನಲಿ. ಮನೇಲೇ ಸರ್, ಎಂದಳು. ನಮ್ಮ ಮನೆಯವರು ಪೀಣ್ಯದಲ್ಲಿ ಮೆಷಿನ್ ಸರ್ವಿಸ್ ಮಾಡ್ತಾರೆ, ದಿನಾ ಫ್ಯಾಕ್ಟರಿಯವರ ಹತ್ರ ಬೈಸ್ಕೊಂಡು ಬರ್ತಾರೆ, ಅದನ್ನೆಲ್ಲ ಮನೇಲಿ ಬಂದು ಇಳಿಸ್ತಾರೆ, ಮೊದಮೊದಲು ನಾನೂ ತಿರುಗಿ ಮಾತಾಡ್ತಿದ್ದೆ, ಆಮೇಲೆ ಬಿಟ್ಟೆ, ಅವರು ಮುಗಿಸೋವರೆಗೂ ಕಾಯ್ತೀನಿ, ಅವರ ಮಾತಲ್ಲೇ ಒಂದು ಪದ ಹಿಡ್ಕೊಂಡು ಅದನ್ನೇ ವಾಪಸ್ ಕೇಳ್ತೀನಿ, ಮೆಷಿನ್‌ದು ಸ್ಪಿಂಡಲ್ ಹೋಗಿತ್ತು ಅಂದ್ರೆ, ಸ್ಪಿಂಡಲ್‌ಗೆ ಏನಾಗಿತ್ತು ಅಂತೀನಿ, ಅಷ್ಟೇ ಸರ್, ತಣ್ಣಗಾಗ್ತಾರೆ. ಹಂಗಾದ್ರೆ ನಿಮ್ ಯಜಮಾನ್ರಿಗೆ ನಾವು ಥ್ಯಾಂಕ್ಸ್ ಹೇಳ್ಬೇಕು, ಎಂದು ಅವನು ನಕ್ಕ, ಅವಳೂ ನಕ್ಕಳು, ಕೊನೆಯಲ್ಲಿ ಮೇಲಕ್ಕೆ ಹೋಗುವ ಅದೇ ನಗು — ಸ್ಪಿಂಡಲ್, ಕೇಳಿದ್ದಳು, ನಿಜ, ಚಪಾತಿ ಲಟ್ಟಿಸುತ್ತ ಕೇಳಿದ್ದಳು, ಇವಳಿಗೆ ತನ್ನ ಕೆಲಸದ ಮೇಲೆ ಎಂಥ ಆಸಕ್ತಿ ಎಂದು ಹಿಗ್ಗಿ ಪೇಪರಿನ ಅಂಚಿನಲ್ಲಿ ಪೆನ್ನಿನಿಂದ ಚಿತ್ರ ಬರೆದು ತೋರಿಸಿದ್ದ, ಇದು ಬೇರಿಂಗು, ಇದು ಹೀಗೆ ತಿರುಗುತ್ತದೆ, ಅವಳು ಹೌದೇನ್ರಿ ಎಂದಿದ್ದಳು, ಆ ರಾತ್ರಿ ಎಷ್ಟು ಸುಖವಾಗಿ ನಿದ್ದೆ ಮಾಡಿದ್ದ ಅವನು, ಪೇಪರಿನ ಮೇಲೆ ಬಗ್ಗಿ ಕೂತಿದ್ದ ಆ ಪೆದ್ದನ ಮೇಲೂ ಈಗ ಹೊಟ್ಟೆಕಿಚ್ಚಾಯಿತು, ಅವನಿಗೇನೂ ಗೊತ್ತಿರಲಿಲ್ಲ.

ಮುಖ ನೋಡಬೇಕು ಎನಿಸಿತು, ಲಿಖಿತ್ ಮುಂದೆ ನಗುವಾಗಿನ ಅವಳ ಮುಖ, ಒಂದೇ ಸಲ. ಕೋಣೆಯ ಪ್ಲಗ್ ಕೆಟ್ಟು ತಿಂಗಳುಗಳಾಗಿದ್ದವು, ಸರಿಮಾಡುತ್ತೇನೆ ಎಂದವನು ಮಾಡಿರಲಿಲ್ಲ, ನಡುಮನೆಯಿಂದ ಎಳೆದ ವೈರು ಬಾಗಿಲನ್ನು ಪೂರ್ತಿ ಮುಚ್ಚಗೊಡುತ್ತಿರಲಿಲ್ಲ, ಆ ಸಂದಿಯ ಹತ್ತಿರ ಕಳ್ಳನ ಹಾಗೆ ಬಗ್ಗಿದ, ಮುಖ ಕಾಣಲಿಲ್ಲ, ಬಾಗಿಲ ಚೌಕಟ್ಟು ಅಡ್ಡ, ಕಂಡದ್ದು ಮೇಜಿನ ಕೆಳಗು. ಒಳಗೆ ಲಿಖಿತ್ ಇನ್ನೊಂದು ಸುಳ್ಳು ಕರೆ ಶುರುಮಾಡಿದ್ದ, ಈ ಸಲ ನಿಜವಾಗಿಯೇ ಒರಟಾಗಿ, ನಿಮ್ಮಂಥೋರ್ನ ಫೋನ್ ಮುಂದೆ ಯಾರ್ರೀ ಕೂರಿಸಿದ್ದು, ತಲೆ ಇದೆಯೇನ್ರೀ, ಮೇಜಿನ ಮೇಲ್ಗಡೆ ಮೇಘಾಳ ದನಿ ಕಾಯಿಸಿದ ಹಾಲಿನಂತೆ, ಹೇಳಿ ಸರ್, ಕೇಳ್ತಿದೀನಿ, ಮೇಜಿನ ಕೆಳಗೆ ಅವಳ ಬಲಗಾಲು ಎಡಗಾಲಿನ ಮೇಲೆ ಏರಿ ಕೂತಿತ್ತು, ಬಲಗಾಲಿನ ಬೆರಳುಗಳು ಎಡಪಾದವನ್ನು ಕಚ್ಚಿ ಹಿಡಿದಿದ್ದವು, ಉಗುರು ಬೆಳ್ಳಗಾಗುವಷ್ಟು, ಕಾಲುಂಗುರ ಮಾಂಸದೊಳಗೆ ಇಳಿಯುವಷ್ಟು, ಹೇಳಿ ಸರ್, ಪರವಾಗಿಲ್ಲ ಸರ್ — ಬೆರಳುಗಳು ಇನ್ನೂ ಬಿಗಿದವು. ಅವನು ಹಿಂದಕ್ಕೆ ಬಂದ. ಸೋಮವಾರ ಆಫೀಸಿಗೆ ಬನ್ನಿ ಮೇಡಂ, ಆಫರ್ ಲೆಟರ್ ಕೊಟ್ಬಿಡ್ತೀವಿ ಎಂಬ ಮಾತು ಬೆನ್ನ ಹಿಂದೆ ಕೇಳಿಸಿತು.

ಲ್ಯಾಪ್‌ಟಾಪ್ ಮುಚ್ಚಿ ಹೊರಗೆ ಬಂದಳು, ಕೇಳಿಸ್ತೇನ್ರಿ, ಕೆಲಸ ಸಿಕ್ತು, ಮುಖದಲ್ಲಿ ಆ ಬೆಳಕು ಇನ್ನೂ ಇತ್ತು, ಅವನದಲ್ಲದ ಬೆಳಕು. ಚಲೋ ಆತು ಎನ್ನಬೇಕೆಂದೇ ಬಾಯಿ ತೆರೆದ, ಸಿಕ್ತು ಸರಿ, ಬೆಳ್ಳಂದೂರೇನ್ ಇಲ್ಲೇ ಐತೇನು ಎಂದಿತು ಬಾಯಿ, ಮೆಟ್ರೊ ಇಳಿದು ಮತ್ತ ಬಸ್ಸು, ಬರೋದು ಎಷ್ಟೊತ್ತಿಗೆ, ಯಾವನೋ ಬೈತಾನ, ಅವನಿಗೆ ಚಾ ಕುಡಿದ್ರಾ ಅಂತ ಕೇಳಾಕ ಅಲ್ಲೀತನ ಹೋಗಬೇಕೇನು, ಮನಿ ವಿಷಯ ಅವನ ಮುಂದ ಹೇಳೋದೇನಿತ್ತು — ದನಿ ಏರುತ್ತಿರುವುದು ತನಗೇ ಕೇಳುತ್ತಿತ್ತು, ನಿಲ್ಲಿಸುವುದು ಗೊತ್ತಾಗಲಿಲ್ಲ, ಅವಳು ತಿರುಗಿ ಮಾತಾಡಲಿಲ್ಲ, ನಿಂತಿದ್ದಳು, ಅವನು ಉಸಿರು ತೆಗೆದುಕೊಳ್ಳಲು ನಿಂತಾಗ ಮೆಲ್ಲಗೆ, ಹೇಳ್ರಿ, ಕೇಳಾಕತ್ತೀನಿ, ಎಂದಳು, ಅದೇ ದನಿಯಲ್ಲಿ, ಟ್ಯಾಂಕಿನ ನೆರಳಲ್ಲಿ ನಿಂತವನ ಕಿವಿಗೆ ಬರುತ್ತಿದ್ದ ದನಿಯಲ್ಲಿ, ಬೆಳಗಿನಿಂದ ಅವನು ಉರಿದುಕೊಂಡದ್ದು ಅದಕ್ಕೇ ಅಲ್ಲವೇ, ಬಂತಲ್ಲ, ಅವನಿಗೇ ಬಂತಲ್ಲ, ಅವನು ತಲೆ ತಗ್ಗಿಸಿದ, ನೆಲ, ನೆಲದ ಮೇಲೆ ಬರಿಗಾಲು, ಬಲಗಾಲು ಎಡಗಾಲಿನ ಮೇಲೆ, ಬೆರಳುಗಳು ಕಚ್ಚಿ ಹಿಡಿದಿದ್ದವು, ಬೆಳ್ಳಗೆ ಉಗುರು, ಮಾಂಸದೊಳಗೆ ಇಳಿದ ಕಾಲುಂಗುರ —