ಸಭೆಯ ಹಿಂದಿನ ಸಂಜೆ

ಲಿಂಬೆ ಬೆಳೆಗಾರರ ಕಂಪನಿಯ ಆಡಳಿತ ಮಂಡಳಿ ಪ್ರತಿ ತಿಂಗಳ ಎರಡನೆಯ ಮಂಗಳವಾರ ಇಂಡಿ ಪಟ್ಟಣದ ಕಚೇರಿಯಲ್ಲಿ ಸೇರುತ್ತಿತ್ತು. ಆದರೆ ಸಭೆ ನಿಜವಾಗಿ ಮುಗಿಯುತ್ತಿದ್ದದ್ದು ಸೋಮವಾರ ಸಂಜೆ, ಅಧ್ಯಕ್ಷೆ ವಿಜಯಲಕ್ಷ್ಮಿಯ ಮನೆಯ ಪಡಸಾಲೆಯಲ್ಲಿ. ನಾಲ್ಕು ಮಂದಿಯ ಮುಂದೆ ಒಬ್ಬನನ್ನು ಪ್ರಶ್ನಿಸುವುದೆಂದರೆ ಅವನ ಅಂಗಿ ಬಿಚ್ಚಿಸಿದಂತೆ ಎಂದು ಆ ಕಡೆಯ ಜನ ನಂಬುತ್ತಾರೆ. ಕೇಳುವುದೇನಿದ್ದರೂ ಮನೆಯಲ್ಲಿ ಕೇಳಬೇಕು, ಸಭೆಯಲ್ಲಿ ತಲೆಯಾಡಿಸಬೇಕು. ಹೀಗಾಗಿ ಮ್ಯಾನೇಜರ್ ಸಂಜೀವಕುಮಾರ ಹಿಂದಿನ ದಿನವೇ ಠರಾವುಗಳ, ಅಂದರೆ ಸಭೆ ಒಪ್ಪಬೇಕಾದ ನಿರ್ಣಯಗಳ, ಕಟ್ಟು ಹಿಡಿದು ಬರುತ್ತಿದ್ದ. ಅವಳು ಸಹಿ ಹಾಕುತ್ತಿದ್ದಳು. ಮರುದಿನ ಉಳಿದ ಆರು ನಿರ್ದೇಶಕರು ಅವಳ ಸಹಿ ನೋಡಿ ತಮ್ಮದನ್ನೂ ಹಾಕುತ್ತಿದ್ದರು.

ನಾಲ್ಕು ವರ್ಷಗಳಲ್ಲಿ ಅವಳು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಕೇಳಲು ಬಾರದೆ ಅಲ್ಲ, ಅವಳು ಡಿಗ್ರಿ ಓದಿದವಳು. ಆತ ಕಾಗದ ಬದಿಗಿಟ್ಟು ಮಾತಾಡುವ ಆ ಒಂದು ತಾಸು ಎಲ್ಲಿ ಕೈತಪ್ಪುವುದೋ ಎಂಬ ಅಂಜಿಕೆ. ಗಂಡ ತೀರಿ ಆರು ವರ್ಷವಾಗಿತ್ತು. ಮೈದುನನ ಸಂಸಾರ ಒಂದೇ ಸೂರಿನಡಿ ಇತ್ತು, ಮನೆಯಲ್ಲಿ ಸದ್ದಿಗೆ ಕೊರತೆಯಿರಲಿಲ್ಲ. ಹಾಲು ಬಂತೇ, ಕರೆಂಟು ಹೋಯಿತೇ, ಆಳುಗಳಿಗೆ ಬುತ್ತಿ ಹೋಯಿತೇ. ಅದರಾಚೆಗೆ ಅವಳೊಡನೆ ಯಾರೂ ಏನೂ ಆಡುತ್ತಿರಲಿಲ್ಲ. ಸಂಜೀವಕುಮಾರ ಆಡುತ್ತಿದ್ದ. ಹೆಂಡತಿ ತೀರಿದ ಮೇಲೆ ಅನ್ನ ಬೇಯಿಸಲು ಕಲಿತದ್ದನ್ನು ಹೇಳುತ್ತಿದ್ದ. ಮಾತು ನಿಂತಾಗ ಇಬ್ಬರೂ ಸುಮ್ಮನೆ ಕೂತಿರುತ್ತಿದ್ದರು. ಅವಳಿಗೆ ಬೇಕಾಗಿದ್ದುದು ಹೆಚ್ಚಾಗಿ ಆ ಸುಮ್ಮನಿರುವಿಕೆಯೇ. ಆತ ಅವಳನ್ನು ಅಕ್ಕಾರ ಅನ್ನುತ್ತಿದ್ದ. ಅವಳು ಆತನನ್ನು ಏನೂ ಅನ್ನುತ್ತಿರಲಿಲ್ಲ.

ಶ್ರಾವಣ ಕಳೆದ ಮೇಲೊಂದು ದಿನ ಅವಳು ಟೆಂಪೋದಲ್ಲಿ ಝಳಕಿಗೆ ಹೋಗಿದ್ದಳು. ಹೆದ್ದಾರಿಯ ಮಗ್ಗುಲಲ್ಲಿ ಶಂಕ್ರೆವ್ವ ಗೋಣಿತಟ್ಟಿನ ಮೇಲೆ ಲಿಂಬೆಹಣ್ಣಿನ ಗುಡ್ಡೆ ಹಾಕಿಕೊಂಡು ಕೂತಿದ್ದಳು. ಹದಿನೆಂಟು ಗಿಡಗಳ ಒಡತಿ, ಕಂಪನಿಯ ಮೊದಲ ನೂರು ಸದಸ್ಯರಲ್ಲಿ ಒಬ್ಬಳು. ಇಲ್ಲೇಕೆ ಮಾರುತ್ತೀಯೆಂದು ವಿಜಯಲಕ್ಷ್ಮಿ ಕೇಳಿದಳು. ಝಳಕಿಯಲ್ಲಿ ಕಂಪನಿಯದೇ ಖರೀದಿ ಶೆಡ್ಡು ಇತ್ತಲ್ಲ.

"ನನ್ನ ಕಾಯಿ ಸಣ್ಣವಂತರಿ. ಶೆಡ್ಡಿಗೆ ಕೀಲಿ ಬಿದ್ದು ಮೂರ ತಿಂಗಳಾತು."

"ಯಾರ ಹಾಕಿಸಿದ್ರವ್ವಾ?"

ಶಂಕ್ರೆವ್ವ ನಕ್ಕಳು. "ಕೇಳ್ರೆಪಾ ಇವರ ಮಾತು. ನೀವ ಹಾಕಿಸೀರಿ. ಬಾಗಲಕ್ಕ ಕಾಗದ ಹಚ್ಯಾರ, ಕೆಳಗ ನಿಮ್ಮ ಸಹಿ ಐತಂತ. ಓದಿದಾಕಿ ನೀವು, ಓದಲಾರದ ಹೆಂಗ ಸಹಿ ಹಾಕಿದ್ರಿ? ನಾವು ಹೆಬ್ಬಟ್ಟ ಒತ್ತೂಮುಂದ ಹತ್ತ ಮಂದಿನ್ನ ಕೇಳ್ತೇವಿ."

ಶೆಡ್ಡಿನ ತನಕ ನಡೆದು ಹೋಗಿ ಅವಳು ಕಾಗದ ಓದಿದಳು. ಹೊರರಾಜ್ಯದ ದೊಡ್ಡ ಖರೀದಿದಾರರು ದಪ್ಪ ಕಾಯಿಯನ್ನಷ್ಟೇ ಕೇಳುತ್ತಿರುವುದರಿಂದ ಝಳಕಿಯ ಖರೀದಿ ನಿಲ್ಲಿಸಲಾಗಿದೆ, ಸಣ್ಣ ಕಾಯಿ ತರಬಾರದು. ಕೆಳಗೆ ಅವಳದೇ ಸಹಿ, ಕೊನೆಯ ಅಕ್ಷರದ ಬಾಲ ಉದ್ದಕ್ಕೆ ಎಳೆದದ್ದು. ತಾರೀಖು ನೋಡಿದೊಡನೆ ಆ ಸಂಜೆ ನೆನಪಾಯಿತು. ಅಂದು ಸಂಜೀವಕುಮಾರ ತನ್ನೂರಿನ ಮಾತು ತೆಗೆದಿದ್ದ. ಬಸವನ ಬಾಗೇವಾಡಿ ಕಡೆಯ ಆ ಊರು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿತ್ತು. ಬೇಸಿಗೆಯಲ್ಲಿ ನೀರು ಇಳಿದಾಗ ಕೆಸರಿನಲ್ಲಿ ನಡೆದು ಹೋಗಿ ಹಳೆಯ ಮನೆಯ ಹೊಸ್ತಿಲು ಹುಡುಕುತ್ತೇನೆ, ಸಿಕ್ಕ ವರ್ಷ ಅದರ ಮೇಲೆ ಒಂದು ಗಳಿಗೆ ಕೂತು ಬರುತ್ತೇನೆ ಅಂದಿದ್ದ. ಅವಳು ಕಣ್ಣು ಕೀಳದೆ ಕೇಳಿದ್ದಳು, ಕೇಳುತ್ತಲೇ ಸಹಿ ಹಾಕಿದ್ದಳು.

ಆತ ಏನನ್ನೂ ಮುಚ್ಚಿಟ್ಟಿರಲಿಲ್ಲ. ಕಾಗದ ಅಂದು ಅವಳ ಕೈಯಲ್ಲೇ ಇತ್ತು.

ಆ ತಿಂಗಳ ಸಭೆಯ ಹಿಂದಿನ ಸೋಮವಾರ ಆತ ಬಂದಾಗ ಚಹಾ ಕೊಟ್ಟಳು. ಶೆಡ್ಡಿನ ಮಾತು ನಾಲಿಗೆಯ ತುದಿಗೆ ಬಂದಿತ್ತು. ಇಲ್ಲೇ ಮೆಲ್ಲಗೆ ಕೇಳಿದರೆ ಆತ ಇಲ್ಲೇ ಸರಿಪಡಿಸುತ್ತಾನೆ, ಇಬ್ಬರ ಮಾನವೂ ಉಳಿಯುತ್ತದೆ, ಮುಂದಿನ ಸೋಮವಾರವೂ ಉಳಿಯುತ್ತದೆ. ಆದರೆ ಅದೂ ಪಡಸಾಲೆಯ ಇನ್ನೊಂದು ತೀರ್ಮಾನವಾಗುತ್ತದೆ. ಉಳಿದ ಆರು ಮಂದಿ ನಾಳೆಯೂ ತಲೆಯಾಡಿಸುತ್ತಾರೆ. ಆತ ಪೆನ್ನು ಮುಂದೆ ಹಿಡಿದ.

"ನಾಳೆ ಸಭಾದಾಗ ಓದೂಣ್ರಿ," ಅಂದಳು.

ಆತ ಅವಳ ಮುಖ ನೋಡಿದ. ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡ. ಠರಾವುಗಳನ್ನು ಮತ್ತೆ ಕಟ್ಟಿದ. ಆತ ಅರ್ಧ ತಾಸಿಗೇ ಎದ್ದ.

ಮರುದಿನ ಸಭೆಯ ಮೇಜಿನ ಮೇಲೆ ಎಂದಿನಂತೆ ಮಿರ್ಚಿಭಜಿ ಬಂತು. ಅವಳು ಒಂದೊಂದೇ ಠರಾವು ಓದತೊಡಗಿದಾಗ ಹಿರಿಯ ನಿರ್ದೇಶಕ ಕಾಸಿಂಸಾಬ ಕುರ್ಚಿಯಲ್ಲಿ ಮಿಸುಕಾಡಿದ. "ಇಷ್ಟ ದಿನ ಭಜಿ ಆರೂದ್ರಾಗ ಸಭಾ ಮುಗೀತಿತ್ತು. ಇವತ್ತ ಊಟದ ಯೋಗ ಕಾಣಾಕತ್ತೈತಿ," ಅಂದ. ಎಲ್ಲರೂ ನಕ್ಕರು.

ಅವಳು ಝಳಕಿಯ ಹಳೆಯ ಠರಾವಿನ ಪ್ರತಿಯನ್ನು ಮೇಜಿನ ನಡುವೆ ಇಟ್ಟಳು. ಖರೀದಿ ಯಾಕೆ ನಿಲ್ಲಿಸಿದಿರಿ ಎಂದು ಮ್ಯಾನೇಜರನನ್ನು ಕೇಳಿದಳು. ಯಾರೋ ತಟ್ಟೆ ದೂರ ಸರಿಸಿದರು.

"ಮಂಡಳಿನ ಒಪ್ಪಿದ್ದರಿ ಅದು," ಅಂದ ಸಂಜೀವಕುಮಾರ. ದನಿಯಲ್ಲಿ ಸಿಟ್ಟಿರಲಿಲ್ಲ. ದಣಿವಿತ್ತು.

"ಹೌದ್ರಿ. ಓದಲಾರದ ಒಪ್ಪಿದ್ದು. ಮೊದಲ ತಪ್ಪು ನಂದು, ನಾ ಮೊದಲ ಸಹಿ ಹಾಕಿದಾಕಿ. ನಿಮ್ಮನ್ನ ಕೇಳೂದು ನನ್ನ ಕೆಲಸಿತ್ತು, ನಾ ಕೇಳಲಿಲ್ಲ. ಈಗ ಕೇಳಾಕತ್ತೇನಿ."

ಆತ ಹೇಳತೊಡಗಿದ. ದೊಡ್ಡ ಗಿರಾಕಿ ಬಂದದ್ದು, ಸಣ್ಣ ಕಾಯಿ ಬೆರೆತರೆ ಇಡೀ ಲಾರಿ ಮರಳಿ ಬರುವ ಭಯ, ಝಳಕಿಯಲ್ಲಿ ಕಾಯಿ ಆರಿಸಲು ಜಾಗವಿಲ್ಲದ್ದು. ಯಾವುದೂ ಸುಳ್ಳಲ್ಲ. ಮುಗಿಸಿದಾಗ ಕಾಸಿಂಸಾಬ ಗಂಟಲು ಸರಿಮಾಡಿಕೊಂಡ. ನಾಲ್ಕು ವರ್ಷದಲ್ಲಿ ಅದು ಅವನ ಮೊದಲ ಪ್ರಶ್ನೆ.

"ಶೆಡ್ಡ ಮುಚ್ಚಿದ ಮ್ಯಾಲೆ ಎಷ್ಟ ಮಂದಿ ಬರೂದು ಬಿಟ್ಟಾರ್ರಿ, ಮ್ಯಾನೇಜರ್ರ?"

ಸಂಜೀವಕುಮಾರ ಕಾಗದ ತಿರುವಿದ, ಮತ್ತೆ ತಿರುವಿದ. "ಗೊತ್ತಿಲ್ಲರಿ," ಅಂದ. ಕಾಗದ ಕೆಳಗಿಟ್ಟು ಸೇರಿಸಿದ, "ಯಾರೂ ಕೇಳಿದ್ದಿಲ್ಲ."

ಆಮೇಲೆ ಉಳಿದ ನಿರ್ದೇಶಕರಲ್ಲಿ ಅಮೀನಾಬಿ ಕೇಳಿದಳು, ರೇವಣಪ್ಪ ಕೇಳಿದ. ಸಂಜೀವಕುಮಾರ ಒಬ್ಬೊಬ್ಬರ ಕಡೆಗೂ ಮುಖ ತಿರುಗಿಸಿ ಉತ್ತರ ಹೇಳುತ್ತಿದ್ದ. ವಿಜಯಲಕ್ಷ್ಮಿ ಆ ದನಿ ಕೇಳುತ್ತ ಕೂತಳು. ತನಗೊಬ್ಬಳಿಗೇ ಎಂದು ಇಟ್ಟುಕೊಂಡಿದ್ದ ದನಿ ಅದು, ಈಗ ಏಳು ಮಂದಿಗೂ ಹಂಚಿಹೋಗುತ್ತಿತ್ತು. ಹೀಗಲ್ಲದೆ ಬೇರೆ ದಾರಿಯಿಲ್ಲವೆಂದು ಅವಳಿಗೆ ತಿಳಿದಿತ್ತು. ತಿಳಿದ ಮಾತ್ರಕ್ಕೆ ಹಗುರಾಗಲಿಲ್ಲ.

ಝಳಕಿಯ ಶೆಡ್ಡು ವಾರಕ್ಕೆರಡು ದಿನ ತೆರೆಯಬೇಕು, ಸಣ್ಣ ಕಾಯಿ ಬೇರೆ ಮಾಡಿ ಉಪ್ಪಿನಕಾಯಿ ಮಾಡುವವರಿಗೆ ಕಳಿಸಬೇಕು ಎಂದು ಮಂಡಳಿ ತೀರ್ಮಾನಿಸಿತು. ಇನ್ನು ಪ್ರತಿ ಸಭೆ ಶುರುವಾಗುವಾಗ, ಇಪ್ಪತ್ತಕ್ಕಿಂತ ಕಡಿಮೆ ಗಿಡಗಳಿದ್ದವರು ಎಷ್ಟು ಮಂದಿ ಬಂದರು, ಎಷ್ಟು ಮಂದಿ ಬಿಟ್ಟರು ಎಂಬುದನ್ನು ಮ್ಯಾನೇಜರ್ ಮೊದಲು ಹೇಳಬೇಕು. ಕೊನೆಯ ಠರಾವು ವಿಜಯಲಕ್ಷ್ಮಿ ತಾನೇ ಮಂಡಿಸಿದಳು. ಕಾಗದಗಳು ಒಂದು ವಾರ ಮೊದಲೇ ಏಳೂ ಮನೆಗೆ ಮುಟ್ಟಬೇಕು, ಸಭೆಯ ಹೊರಗೆ ಯಾರೂ ಸಹಿ ಹಾಕಬಾರದು.

ಎಲ್ಲರೂ ಇಳಿದು ಹೋದ ಮೇಲೆ ಸಂಜೀವಕುಮಾರ ಮೆಟ್ಟಿಲ ಬಳಿ ನಿಂತಿದ್ದ.

"ಅಂದ್ರ ಸೋಮವಾರ ನಾ ಬರೂದ ಬ್ಯಾಡೇನ್ರಿ, ಅಕ್ಕಾರ?"

"ಬ್ಯಾಡ್ರಿ."

ಯಾಕೆಂದು ಕೇಳಿಯಾನು ಎಂದು ಅವಳು ಕಾದಳು. ಆತ ಆಯ್ತ್ರಿ ಎಂದು ತಲೆ ಬಾಗಿಸಿ ಇಳಿದು ಹೋದ.

ಮುಂದಿನ ತಿಂಗಳು ಕಾಗದಗಳು ಹೇಳಿದ ದಿನವೇ ಬಂದವು, ಹದಿನಾಲ್ಕು ಹಾಳೆ. ಝಳಕಿಗೆ ನಲವತ್ತೊಂದು ಮಂದಿ ಮರಳಿದ್ದರು, ಶಂಕ್ರೆವ್ವನ ಹೆಸರೂ ಇತ್ತು. ಸೋಮವಾರ ಸಂಜೆ ವಿಜಯಲಕ್ಷ್ಮಿ ಎಲ್ಲವನ್ನೂ ಎರಡು ಸಲ ಓದಿ, ಸಭೆಯಲ್ಲಿ ಕೇಳಲು ಮೂರು ಪ್ರಶ್ನೆ ಬರೆದುಕೊಂಡಳು. ಮೂರನೆಯದರ ಉತ್ತರ ಅವಳಿಗೆ ಆಗಲೇ ಗೊತ್ತಿತ್ತು, ಒಂಬತ್ತನೆಯ ಹಾಳೆಯಲ್ಲಿ ಸ್ಪಷ್ಟವಾಗಿಯೇ ಇತ್ತು. ಆದರೆ ಅದನ್ನು ಬಿಡಿಸಿ ಹೇಳಲು ಆತನಿಗೆ ಐದು ನಿಮಿಷವಾದರೂ ಬೇಕು, ಮತ್ತು ಹೇಳುವಾಗ ಆತ ಅವಳ ಕಡೆಗೇ ನೋಡಬೇಕು.

ಬಹಳ ಹೊತ್ತು ಆ ಸಾಲನ್ನು ನೋಡುತ್ತ ಕೂತಳು. ಆಮೇಲೆ ಅದರ ಮೇಲೆ ಗೆರೆ ಎಳೆದಳು. ಪೆನ್ಸಿಲ್ಲಿನ ಗೆರೆ ತೆಳ್ಳಗಿತ್ತು, ಅಕ್ಷರಗಳು ಇನ್ನೂ ಕಾಣುತ್ತಿದ್ದವು.